ಯುಗಾದಿ ಚಂದ್ರನೂ ಆರಾಮ ಕುರ್ಚಿಯೂ

ಹೊನ್ನಾಳಿಯ ಕಲ್ಲೇಶಪ್ಪ ಮೇಷ್ಟ್ರ ಅವತ್ತಿನ ಫಜೀತಿಗೆಲ್ಲ ಮೂಲ ಒಂದು ಆರಾಮ ಕುರ್ಚಿ. ಚನ್ನಗಿರಿಯ ಬಡಗಿಯೊಬ್ಬನ ಬೆನ್ನು ಹತ್ತಿ ಮಾಡಿಸಿದ ಸಾಗುವಾನಿ ಕುರ್ಚಿ. ಒರಗಿಕೊಳ್ಳಲು ಪಟ್ಟೆಪಟ್ಟೆಯ ದಪ್ಪ ಬಟ್ಟೆ, ಕಾಲು ಚಾಚಲು ಮುಂದಕ್ಕೆ ನೀಡಿಕೊಂಡ ಉದ್ದನೆಯ ಎರಡು ಕೈಗಳು. ಮನೆಗೆ ಬಂದು ವಾರವಾದರೂ ಮೇಷ್ಟ್ರು ಅದರ ಮೇಲೆ ಒಂದು ಸಲವೂ ಕೂತಿರಲಿಲ್ಲ, ಬೇರೆಯವರನ್ನು ಕೂರಲು ಬಿಟ್ಟಿರಲೂ ಇಲ್ಲ. ಯಾರಾದರೂ ಹತ್ತಿರ ಸುಳಿದರೆ ಸಾಕು, ಗಂಟಲು ಕೆರೆದು ಎಚ್ಚರಿಸುತ್ತಿದ್ದರು.

"ಇದೇನು ಕುರ್ಚಿನೋ ಗದ್ದಿಗೆನೋ? ಕುಂದ್ರಾಕೆ ತಂದೀರಾ, ಪೂಜೆ ಮಾಡಾಕೆ ತಂದೀರಾ?" ಎಂದು ಹೆಂಡತಿ ಶಂಕ್ರಮ್ಮ ಕೇಳಿದರು.

"ಉದ್ಘಾಟನೆ ಇವತ್ತು ಸಂಜೆ. ಚಂದ್ರ ಕಾಣೋ ಹೊತ್ತಿಗೆ" ಎಂದರು ಮೇಷ್ಟ್ರು.

ಇದರ ಹಿಂದೆ ಒಂದು ನಂಬಿಕೆಯಿತ್ತು. ಯುಗಾದಿಯ ಮಾರನೇ ದಿನ ಸಂಜೆ ಪಡುವಣದಲ್ಲಿ ಉಗುರಿನಷ್ಟು ಚಂದ್ರ ಕಾಣುತ್ತಾನಲ್ಲ, ಅವನನ್ನು ನೋಡಿ, ಕೈಮುಗಿದು, ಹಿರಿಯರ ಕಾಲಿಗೆ ಬೀಳುವುದು ಆ ಸೀಮೆಯ ಎಲ್ಲ ಮನೆಗಳ ಪದ್ಧತಿ. ಮೇಷ್ಟ್ರ ತಾಯಿ ಅದಕ್ಕೆ ಇನ್ನೊಂದು ಮಾತು ಸೇರಿಸಿದ್ದರು. ಆ ಚಂದ್ರನನ್ನು ಮೊದಲು ಕಂಡ ಗಳಿಗೆಯಲ್ಲಿ ನೀನು ಏನು ಮಾಡುತ್ತಿರುತ್ತೀಯೋ ವರ್ಷವೆಲ್ಲ ನಿನಗೆ ಅದೇ ಗತಿ. ಹಲ್ಲುನೋವಿನಲ್ಲಿ ದವಡೆ ಹಿಡಿದುಕೊಂಡು ಚಂದ್ರನನ್ನು ನೋಡಿದ ವರ್ಷ ಮೇಷ್ಟ್ರ ಬಾಯಲ್ಲಿದ್ದ ಒಳ್ಳೆಯ ಹಲ್ಲುಗಳೂ ಒಂದೊಂದಾಗಿ ಕೈಕೊಟ್ಟಿದ್ದವು. ಬಸ್ಸಿಗೆ ಕಾಯುತ್ತ ನೋಡಿದ ವರ್ಷ ನ್ಯಾಮತಿಗೆ ವರ್ಗವಾಗಿ, ದಿನಾ ಬಸ್ಸಿಗೆ ಕಾಯುವಂತಾಗಿತ್ತು.

ಹೋದ ವರ್ಷದ್ದಂತೂ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಡ್ರಿಲ್ ಮೇಷ್ಟ್ರಾಗಿ ಜೀವಮಾನವೆಲ್ಲ ಬಿಸಿಲಲ್ಲಿ ನಿಂತು ಸೀಟಿ ಊದಿ, ನ್ಯಾಮತಿಯ ಹೈಸ್ಕೂಲಿನಿಂದ ಇನ್ನೇನು ರಿಟೈರಾಗುವ ಹೊಸ್ತಿಲಲ್ಲಿದ್ದರು. ಚಂದ್ರನನ್ನು ನೋಡೋಣವೆಂದು ಮಹಡಿ ಹತ್ತಿದರೆ, ಎದುರುಮನೆ ನಾಗರಾಜಪ್ಪನವರ ನೀರಿನ ಪೈಪು ಒಡೆದು ಕಾರಂಜಿ ಎದ್ದಿತ್ತು. "ಮೇಷ್ಟ್ರೇ, ಬಂದು ಒಂದು ನಿಮಿಷ ಬೆಟ್ಟು ಇಡ್ರಿ, ನಾನು ವಾಲ್ವ್ ಬಂದ್ ಮಾಡಿ ಬರ್ತೀನಿ" ಎಂದು ನಾಗರಾಜಪ್ಪ ಕರೆದರು. ಮೇಷ್ಟ್ರಿಗೆ ಇಲ್ಲ ಎನ್ನಲು ಬರುವುದಿಲ್ಲ. ಓಡಿ ಹೋಗಿ ಪರರ ಪೈಪಿನ ತೂತಿಗೆ ಹೆಬ್ಬೆರಳು ಒತ್ತಿ ನಿಂತಿದ್ದಾಗಲೇ ಚಂದ್ರ ಕಂಡುಬಿಟ್ಟ. ಅಲ್ಲಿಂದ ಶುರುವಾಯಿತು ನೋಡಿ. ಒಬ್ಬರ ಗ್ಯಾಸು, ಇನ್ನೊಬ್ಬರ ಕರೆಂಟು ಬಿಲ್ಲು, ಮತ್ತೊಬ್ಬರ ಮಗಳ ಮದುವೆಯ ಶಾಮಿಯಾನ. ಬೀದಿಯಲ್ಲಿ ಎಲ್ಲಿ ತೂತು ಬಿದ್ದರೂ ಕಲ್ಲೇಶಪ್ಪ ಮೇಷ್ಟ್ರ ಹೆಬ್ಬೆರಳೇ ಬೇಕು. ನೌಕರಿಯಲ್ಲಾದರೂ ಭಾನುವಾರವಿತ್ತು, ರಿಟೈರಾದ ಮೇಲೆ ಅದೂ ಹೋಯಿತು.

ಆದ್ದರಿಂದ ಈ ಸಲ ತೀರ್ಮಾನ ಖಡಾಖಂಡಿತ. ಮಹಡಿಯ ಮೇಲೆ, ಆರಾಮ ಕುರ್ಚಿಯಲ್ಲಿ, ಕಾಲು ಚಾಚಿ, ಕೈಯಲ್ಲಿ ತುಪ್ಪ ಸವರಿದ ಹೋಳಿಗೆ ಹಿಡಿದು ಚಂದ್ರನನ್ನು ನೋಡುವುದು. ಆಮೇಲೆ ಬರುವ ಯುಗಾದಿಯವರೆಗೆ ಯಾರು ಕರೆದರೂ ಏಳುವುದಿಲ್ಲ.

"ರಿಟೈರಾದ್ಮೇಲೆ ಊರೂರು ತಿರುಗಾಣ ಅಂದಿದ್ರಿ. ಇಲ್ಲೇ ಹತ್ರದ ಸೂಳೆಕೆರೆ ನೋಡಾಕಾದ್ರೂ ಕರ್ಕಂಡು ಹೋಗ್ಲಿಲ್ಲ" ಎಂದರು ಶಂಕ್ರಮ್ಮ, ಹೋಳಿಗೆ ಬೇಯಿಸುತ್ತಲೇ.

"ಇದು ತಿರುಗೋ ವಯಸ್ಸಲ್ಲ ಕಣೆ, ಕುಂದ್ರೋ ವಯಸ್ಸು."

"ಹಂಗಾರೆ ಕುಂತ್ಕಳ್ರಿ. ಕಾಫಿ ತಂದುಕೊಡಾಕೆ ನಾನಿದೀನಲ್ಲ" ಎಂದು ಶಂಕ್ರಮ್ಮ ಹಂಚಿನ ಮೇಲಿನ ಹೋಳಿಗೆಯನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುವಿ ಹಾಕಿದರು.

ಬೆಳಗಿನ ತಿಂಡಿ ಮುಗಿಸಿ ಮೇಷ್ಟ್ರು ಕುರ್ಚಿಗೆ ಕೈ ಹಾಕಿದರು. ಕಲ್ಲೇಶಪ್ಪ ಏನಾದರೂ ಎತ್ತುತ್ತಿದ್ದಾರೆ ಎಂಬುದು ನಾಗರಾಜಪ್ಪನವರಿಗೆ ಹೇಗೆ ತಿಳಿಯುತ್ತದೋ ದೇವರೇ ಬಲ್ಲ. ಬನಿಯನ್ ಮೇಲೆ ಟವೆಲ್ ಹಾಕಿಕೊಂಡು ಪ್ರತ್ಯಕ್ಷರಾದರು. ಸಲಹೆ ಕೊಡದಿದ್ದರೆ ಉಂಡದ್ದು ಅರಗದ ಮನುಷ್ಯ.

"ಒಬ್ರೇ ಎತ್ತಬ್ಯಾಡ್ರಿ ಮೇಷ್ಟ್ರೇ, ಸೊಂಟ ಹಿಡ್ಕಂತದೆ. ನಾನು ಮೇಲಿಂದ ಎಳೀತೀನಿ, ನೀವು ಕೆಳಗಿಂದ ದೂಡ್ರಿ. ಓರೆ ಮಾಡಿದ್ರೆ ಸಲೀಸಾಗಿ ಹೋಗ್ತತೆ."

ಓರೆ ಮಾಡಿದರು. ಕುರ್ಚಿ ಸಲೀಸಾಗಿ ಹೋಗಿ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಅದರ ಒಂದು ಕೈ ಕಂಬಿಗೆ, ಇನ್ನೊಂದು ಗೋಡೆಗೆ, ಹಿಂಗಾಲು ಸೂರಿಗೆ. ಮೇಷ್ಟ್ರು ಹಳೆಯ ಅಭ್ಯಾಸಬಲದಿಂದ ಜೇಬಿನ ಸೀಟಿ ತೆಗೆದು ಊದಿದರು. ಸೀಟಿಗೊಮ್ಮೆ ಮೇಲಿನಿಂದ ನಾಗರಾಜಪ್ಪ ಎಳೆದರು, ಕೆಳಗಿನಿಂದ ಮೇಷ್ಟ್ರು ದೂಡಿದರು. ಕುರ್ಚಿ ಇನ್ನೂ ಭದ್ರವಾಗಿ ಕೂತಿತು. ಆಗ ನಾಗರಾಜಪ್ಪನವರಿಗೆ ತಾವು ಮೇಲಿದ್ದೇವೆ, ಕೆಳಗಿಳಿಯುವ ದಾರಿಯಲ್ಲಿ ಕುರ್ಚಿಯಿದೆ ಎಂಬುದು ಹೊಳೆಯಿತು.

"ಮೇಷ್ಟ್ರೇ, ನಾನು ಮನಿಗೆ ಹೋಗೋದು ಹೆಂಗೆ?"

"ನೀವೇ ಒಂದು ಸಲಹೆ ಕೊಡ್ರಿ" ಎಂದರು ಮೇಷ್ಟ್ರು.

ಜೀವಮಾನದಲ್ಲಿ ಮೊದಲ ಸಲ ನಾಗರಾಜಪ್ಪನವರ ಹತ್ತಿರ ಸಲಹೆ ಇರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಾಯಿತು. ಶಂಕ್ರಮ್ಮ ಕನಿಕರಪಟ್ಟು ಕುರ್ಚಿಯ ಕಾಲುಗಳ ಸಂದಿಯಿಂದ ಹೋಳಿಗೆಯನ್ನು ಸುರುಳಿ ಸುತ್ತಿ ಒಂದೊಂದಾಗಿ ಮೇಲಕ್ಕೆ ದಾಟಿಸಿದರು. ಲೋಟ ಹಿಡಿಯಲಿಲ್ಲವೆಂದು ಹಾಲನ್ನು ನೀರಿನ ಬಾಟಲಿಗೆ ಹಾಕಿ ಕೊಟ್ಟರು. ಕಡೆಗೆ ಅವರಿಗೇ ಉಪಾಯ ಹೊಳೆದು, ನಿನ್ನೆಯ ಎಣ್ಣೆಸ್ನಾನಕ್ಕೆ ತಂದು ಉಳಿದಿದ್ದ ಹರಳೆಣ್ಣೆಯನ್ನು ಕುರ್ಚಿಯ ಕೈಕಾಲಿಗೆಲ್ಲ ಸುರಿದರು. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಕುರ್ಚಿ ಜಾರಿತು. ಅದರ ಹಿಂದೆ ನಾಗರಾಜಪ್ಪ ಜಾರಿದರು. ಇಬ್ಬರೂ ಬಂದು ಮೇಷ್ಟ್ರ ಎದೆಯ ಮೇಲೆ ಸುಖವಾಗಿ ತಲುಪಿದರು.

ಎಣ್ಣೆ ಒರೆಸಿಕೊಳ್ಳುತ್ತ ನಾಗರಾಜಪ್ಪ, "ನೇತ್ರಾವತಮ್ಮರ ಮನಿಗೆ ಹೊರಗಡೆ ಅಗಲ ಮೆಟ್ಲು ಐತೆ. ಅಲ್ಲಿ ಹತ್ತಿಸಿ, ಮಧ್ಯದ ಮೋಟುಗೋಡೆ ದಾಟಿಸಿದ್ರೆ ನಿಮ್ಮ ಮಹಡಿ. ನಾನು ಬೆಳಿಗ್ಗೇನೇ ಹೇಳಬೇಕು ಅಂತಿದ್ದೆ" ಎಂದರು. ಆ ದಾರಿಯಲ್ಲಿ ತಾವೇ ಇಳಿದು ಹೋಗಬಹುದಿತ್ತೆಂಬುದು ಅವರಿಗೆ ಇನ್ನೂ ಹೊಳೆದಿರಲಿಲ್ಲ.

ಪಕ್ಕದ ಮನೆಯ ನೇತ್ರಾವತಿ ಒಪ್ಪಿದರು. ಅವರ ಮಗ ನಿಂಗರಾಜ್, ಮೊಬೈಲ್ ಅಂಗಡಿಯ ಕಟ್ಟುಮಸ್ತು ಹುಡುಗ, ಮೇಷ್ಟ್ರ ಜೊತೆ ಕೈಗೂಡಿಸಿ ಕುರ್ಚಿಯನ್ನು ಅವರ ಮಹಡಿ ಹತ್ತಿಸಿಯೂ ಕೊಟ್ಟ. ಹತ್ತಿಸಿ ನೋಡಿದರೆ ಇಡೀ ಮಹಡಿಯ ಮೇಲೆ ಹಳೆಯ ಸೀರೆಗಳನ್ನು ಹಾಸಿ ಸಂಡಿಗೆ ಇಟ್ಟಿದ್ದಾರೆ. ಮೋಟುಗೋಡೆಯವರೆಗೆ ಕಾಲಿಡಲು ಜಾಗವಿಲ್ಲ.

"ಸಂಜಿಗೆ ತೆಗೀತೀನ್ರಿ ಮೇಷ್ಟ್ರೇ, ಅಲ್ಲಿತನಕ ಕುರ್ಚಿ ಇಲ್ಲೇ ಇರ್ಲಿ" ಎಂದರು ನೇತ್ರಾವತಿ. "ಹೆಂಗೂ ಇಲ್ಲೇ ಇರ್ತೀರಲ್ಲ, ಹಂಗೇ ಕಾಗೆ ಬರದಂಗೆ ನೋಡ್ಕಳ್ರಿ. ಹಬ್ಬದ ಪಾತ್ರೆ ರಾಶಿ ಬಿದ್ದೈತೆ."

ಮತ್ತೆ ಇಲ್ಲ ಎನ್ನಲು ಬರಲಿಲ್ಲ. ಚೈತ್ರದ ಬಿಸಿಲು ನೆತ್ತಿ ಸುಡುತ್ತಿತ್ತು. ಪಕ್ಕದಲ್ಲೇ ಆರಾಮ ಕುರ್ಚಿ ಬಾಯಿ ತೆರೆದು ಕರೆಯುತ್ತಿದ್ದರೂ ಉದ್ಘಾಟನೆಯ ನಿಯಮ ಮುರಿಯಬಾರದೆಂದು ಮೇಷ್ಟ್ರು ಬರೀ ನೆಲದ ಮೇಲೆ, ತಲೆಗೆ ಟವೆಲ್ ಸುತ್ತಿ ಕೂತರು. ಕಾಗೆ ಬಂದಾಗಲೆಲ್ಲ ಸೀಟಿ ಊದಿದರು. ಮೊದಮೊದಲು ಕಾಗೆಗಳು ಹೆದರಿ ಹಾರಿದವು. ಆಮೇಲೆ ಅವಕ್ಕೆ ಸೀಟಿಯೆಂದರೆ ಇಲ್ಲಿ ಸಂಡಿಗೆ ಇದೆ ಎಂದರ್ಥ ಎಂಬುದು ತಿಳಿದು, ಹೊಳೆಯ ಆಚೆಯ ಕಾಗೆಗಳೂ ಬಂದವು. ಮೇಷ್ಟ್ರು ಎದ್ದು ಮಹಡಿಯ ಸುತ್ತ ಓಡತೊಡಗಿದರು. ಎಣ್ಣೆ, ಬೆವರು, ಸಂಡಿಗೆಹಿಟ್ಟು ಎಲ್ಲ ಮೈಗೆ ಮೆತ್ತಿಕೊಂಡವು. ಹೊತ್ತು ಇಳಿಯುವುದರೊಳಗೆ ಒಂದು ಜಾಗದಲ್ಲಿ ಒಂದು ನಿಮಿಷ ನಿಲ್ಲಲಾಗಲಿಲ್ಲ. ಇಷ್ಟು ಓಟವನ್ನು ಅವರು ನೌಕರಿಯಲ್ಲಿದ್ದಾಗ ಹುಡುಗರಿಂದಲೂ ಮಾಡಿಸಿರಲಿಲ್ಲ.

ಪರವಾಗಿಲ್ಲ, ಚಂದ್ರ ಕಾಣುವ ಗಳಿಗೆಯೊಂದೇ ಲೆಕ್ಕಕ್ಕೆ ಎಂದು ಸಮಾಧಾನ ಮಾಡಿಕೊಂಡರು. ಬಿಸಿಲು ತಗ್ಗಿದ ಮೇಲೆ ಮನೆಗೆ ಓಡಿ, ಸ್ನಾನ ಮಾಡಿ, ಹೊಸ ಬಿಳಿ ಪಂಚೆ ಉಟ್ಟು, ತುಪ್ಪದ ಹೋಳಿಗೆಯನ್ನು ಸ್ಟೀಲ್ ಡಬ್ಬಿಗೆ ಹಾಕಿಸಿ ಶಂಕ್ರಮ್ಮನ ಕೈಗೆ ಕೊಟ್ಟರು. "ನೀನು ನಮ್ಮ ಮಹಡಿಗೆ ಬಾ. ನಾನು ಕುರ್ಚಿ ದಾಟಿಸ್ತೀನಿ" ಎಂದು ಹೇಳಿ ನೇತ್ರಾವತಿಯವರ ಮೆಟ್ಟಿಲು ಹತ್ತಿದರು.

ಸಂಡಿಗೆ ತೆಗೆದಾಗಿತ್ತು. ಮಹಡಿ ಖಾಲಿಯಿತ್ತು. ಕುರ್ಚಿ ಖಾಲಿಯಿರಲಿಲ್ಲ.

ಅದರಲ್ಲಿ ನೇತ್ರಾವತಿಯ ಅತ್ತೆ ತಿಪ್ಪಮ್ಮಜ್ಜಿ, ಜಗಳೂರು ಕಡೆಯ ಸೊಕ್ಕೆಯಿಂದ ಈ ಮನೆಗೆ ಸೊಸೆಯಾಗಿ ಬಂದ ಹಿರಿಜೀವ, ಹಸಿರು ಇಳಕಲ್ ಸೀರೆಯಲ್ಲಿ ಪುಟ್ಟ ಗಂಟಿನಂತೆ ಮುದುರಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಮೇಷ್ಟ್ರು ಮೆಟ್ಟಿಲ ಕಡೆ ತಿರುಗಿ ಕೂಗಿದರು. "ನೇತ್ರಾವತಮ್ಮಾ! ಇವ್ರನ್ನ ಯಾರು ಹತ್ತಿಸಿದ್ರು?"

ನೇತ್ರಾವತಿ ಬಂದವರು ಕೆನ್ನೆಗೆ ಕೈ ಹಚ್ಚಿದರು. "ಅಯ್ಯೋ ಶಿವನೇ, ಅತ್ತೆ ಮೇಲೆ ಹೆಂಗೆ ಬಂದ್ರು? ಮೊಣಕಾಲು ನೋವು, ಹೊಸ್ತಿಲು ದಾಟಿ ಒಂದು ವರ್ಷ ಆತು. ನಿಂಗರಾಜ, ನೀನೇನೋ ಹೊತ್ಕಂಡು ಬಂದದ್ದು?"

"ನಾನಲ್ಲಮ್ಮ, ನಾನು ಅಂಗಡ್ಯಾಗಿದ್ದೆ" ಎಂದ, ಆಗಷ್ಟೇ ಮೆಟ್ಟಿಲು ಹತ್ತಿ ಬಂದ ನಿಂಗರಾಜ್.

ಯಾರು ಹತ್ತಿಸಿದರೆಂದು ವಿಚಾರಣೆ ನಡೆಸಲು ಮೇಷ್ಟ್ರಿಗೆ ಪುರಸೊತ್ತಿರಲಿಲ್ಲ. ಸೂರ್ಯ ಮುಳುಗಿ ಆಕಾಶ ಕೆಂಪಾಗಿತ್ತು. "ಸ್ವಲ್ಪ ಎಬ್ಬಿಸ್ರಿ" ಎಂದರು.

"ಹಬ್ಬದ ದಿನ ಹಿರೇರ ನಿದ್ದೆ ಕೆಡಿಸ್ತಾರೇನ್ರಿ? ಸಂಜಿಮುಂದೆ ಎಬ್ಬಿಸಿದ್ರೆ ಮತ್ತೆ ರಾತ್ರಿಯೆಲ್ಲ ನಿದ್ದೆ ಬರಲ್ಲ ಅವ್ರಿಗೆ. ನಮಗೂ ಬರಾಕೆ ಬಿಡಲ್ಲ" ಎಂದರು ನೇತ್ರಾವತಿ.

ಎದುರು ಮಹಡಿಯಿಂದ ನಾಗರಾಜಪ್ಪ ಕೂಗಿದರು. "ಮೇಷ್ಟ್ರೇ, ಎಬ್ಬಿಸಬ್ಯಾಡ್ರಿ! ನಾನೊಂದು ಹೇಳ್ತೀನಿ ಕೇಳ್ರಿ!"

ಕೇಳಬಾರದಿತ್ತು, ಆದರೆ ಹೊತ್ತು ಮೀರುತ್ತಿತ್ತು. ನಾಗರಾಜಪ್ಪನವರ ಸಲಹೆ ಹೀಗಿತ್ತು. ನೇತ್ರಾವತಿಯವರ ಮಹಡಿಯಿಂದ ಪಡುವಣ ದಿಕ್ಕು ಕಾಣುವುದಿಲ್ಲ, ಕರಿ ನೀರಿನ ಟ್ಯಾಂಕು ಅಡ್ಡ. ಮೇಷ್ಟ್ರ ಮಹಡಿಯಿಂದ ಹೊಳೆಯವರೆಗೂ ಬಯಲು. ಅಜ್ಜಿಗೂ ಚಂದ್ರ ಕಾಣಬೇಕಲ್ಲ. ಆದ್ದರಿಂದ ಅಜ್ಜಿಯನ್ನು ಕುರ್ಚಿಯ ಸಮೇತ ಆಚೆ ದಾಟಿಸುವುದು. ದಾಟಿಸಿದ ಮೇಲೆ ಮೆಲ್ಲಗೆ ಪ್ಲಾಸ್ಟಿಕ್ ಕುರ್ಚಿಗೆ ಬದಲಾಯಿಸುವುದು. ಮೇಷ್ಟ್ರು ಕೂರುವುದು. ಎಲ್ಲರಿಗೂ ಒಳ್ಳೆಯದು.

ಯೋಚಿಸಿದರೆ ಸರಿಯೇ ಅನ್ನಿಸಿತು. ಮುಂದೆ ನಿಂಗರಾಜ್, ಹಿಂದೆ ಮೇಷ್ಟ್ರು. ಎತ್ತಿ ಹೆಗಲಿಗೆ ಇಟ್ಟುಕೊಂಡರು. ಅಜ್ಜಿ ಹಗುರ, ಕುರ್ಚಿ ಭಾರ. ಪಲ್ಲಕ್ಕಿಯಂತೆ ಮೆರವಣಿಗೆ ಹೊರಟಿತು. ಮೋಟುಗೋಡೆಯಾಚೆ ಶಂಕ್ರಮ್ಮ ಹೋಳಿಗೆ ಡಬ್ಬಿ, ನೀರಿನ ಬಾಟಲಿ ಹಿಡಿದು ಬಂದವರು, "ಹುಷಾರು, ಹುಷಾರು" ಎನ್ನುತ್ತ ಗೋಡೆ ದಾಟಿ ಬಂದು ಮೆರವಣಿಗೆಯ ಪಕ್ಕದಲ್ಲೇ ನಡೆದರು.

ಟ್ಯಾಂಕು ದಾಟುತ್ತಲೇ ಪಡುವಣ ತೆರೆದುಕೊಳ್ಳುತ್ತದೆ ಎಂಬುದು ಮೇಷ್ಟ್ರಿಗೆ ಆಗ ನೆನಪಾಯಿತು. ಕೂಡಲೇ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಕೂತ ಮೇಲೆಯೇ ತೆರೆಯುವುದು.

"ನಿಂಗರಾಜ, ಗೋಡೆ ಬಂದ್ರೆ ಹೇಳಪ್ಪ."

"ಕಣ್ಣು ಬಿಡ್ರಿ ಮೇಷ್ಟ್ರೇ, ಬೀಳ್ತೀರಿ!"

"ಬಿಡಲ್ಲ. ನೀನು ದಾರಿ ಹೇಳು ಸಾಕು."

ನಿಂಗರಾಜ್ ಗೋಡೆ ದಾಟಿದ. ಮೇಷ್ಟ್ರು ಕಾಲಿನಿಂದ ತಡಕಾಡುತ್ತ ಒಂದು ಕಾಲನ್ನು ಆಚೆ ಹಾಕಿದರು. ಸರಿಯಾಗಿ ಆಗಲೇ ನಿಂಗರಾಜ್ "ಅಗೋ, ಚಂದ್ರ!" ಎಂದು ಕೂಗಿದ. ಹೊಸ ಚಂದ್ರನನ್ನು ಕಂಡರೆ ಕೈ ಮುಗಿಯಬೇಕೆಂದು ಹುಟ್ಟಿದಾಗಿನಿಂದ ಕಲಿತ ಹುಡುಗ. ಕುರ್ಚಿ ಬಿಟ್ಟು, ಎರಡೂ ಕೈ ಎತ್ತಿ, ಭಕ್ತಿಯಿಂದ ಮುಗಿದ.

ಕುರ್ಚಿಯ ಭಾರವೆಲ್ಲ ಹಿಂದಕ್ಕೆ ಬಂತು. ಮೇಷ್ಟ್ರು ಗೋಡೆಯ ಆಚೆಗೊಂದು ಈಚೆಗೊಂದು ಕಾಲು ಹಾಕಿ, ಕುರ್ಚಿಯನ್ನೂ ಅಜ್ಜಿಯನ್ನೂ ತಬ್ಬಿ ಎತ್ತಿ ಹಿಡಿದುಕೊಂಡರು. ಅಷ್ಟಾದರೂ ಕಣ್ಣು ಬಿಡಲಿಲ್ಲ. ಆ ಹಟವನ್ನು ಮೆಚ್ಚಲೇಬೇಕು.

ಅಷ್ಟರಲ್ಲಿ ನೆತ್ತಿಯ ಮೇಲಿನಿಂದ, ಗೊರಕೆಯ ಸುಳಿವೂ ಇಲ್ಲದ ಕಂಚಿನ ದನಿಯೊಂದು ಕೇಳಿತು.

"ಕಲ್ಲೇಶಾ! ಕಣ್ಣು ಬಿಡೋ!"

ಬಾಲ್ಯದಲ್ಲಿ ಗೋಲಿಯಾಡಿ ತಡವಾಗಿ ಬಂದಾಗ, ಮಾವಿನಕಾಯಿ ಕದ್ದಾಗ ಬೀದಿಯುದ್ದಕ್ಕೂ ಕೇಳಿಸುತ್ತಿದ್ದ ದನಿ ಅದು. ಮೇಷ್ಟ್ರ ತಲೆ ಬೇಡವೆಂದರೂ ಕಣ್ಣುಗಳು ಹೆದರಿ ತಾವಾಗಿಯೇ ತೆರೆದವು. ಎದುರಿಗೆ, ಹೊಳೆಯ ಮೇಲಿನ ಆಕಾಶದಲ್ಲಿ, ಉಗುರಿನಷ್ಟು ಚಂದ್ರ ಓರೆಯಾಗಿ ಕೂತಿದ್ದ. ಅವನೊಬ್ಬನೇ ಅವತ್ತು ಆರಾಮವಾಗಿದ್ದವನು.

"ಕಂಡ್ಯಾ?" ಎಂದರು ಅಜ್ಜಿ.

"ಕಂಡೆ" ಎಂದರು ಮೇಷ್ಟ್ರು. ಅಳು ಬರುವಂತಾಗಿತ್ತು.

"ಹಂಗಾರೆ ಈಗ ಇಳಿಸು."

ನಿಂಗರಾಜ್ ಓಡಿ ಬಂದು ಕೈ ಕೊಟ್ಟ. ಕುರ್ಚಿ ಕಡೆಗೂ ಮೇಷ್ಟ್ರ ಮಹಡಿಯ ಮೇಲೆ, ಅವರು ಬೆಳಗಿನಿಂದ ಕನಸು ಕಂಡಿದ್ದ ಜಾಗದಲ್ಲೇ ಇಳಿಯಿತು. ಅಜ್ಜಿ ಸೆರಗು ಸರಿಮಾಡಿಕೊಂಡು, ಚಂದ್ರನಿಗೆ ಕೈಮುಗಿದು, ನಕ್ಕರು. ಬಾಯಲ್ಲಿ ಹಲ್ಲಿರಲಿಲ್ಲ, ನಗು ಪೂರ್ತಿ ಇತ್ತು.

"ಅತ್ತೆ, ನೀವು ಮಲಗಿರ್ಲಿಲ್ವಾ?" ಎಂದರು ನೇತ್ರಾವತಿ.

"ಎಚ್ಚರ ಇದ್ದೀನಿ ಅಂದಿದ್ರೆ ಇವ್ನು ನನ್ನ ಹೊರ್ತಿದ್ನೇನೆ? ಎದ್ದೇಳ್ರಿ ಅಜ್ಜಿ, ಅಂತಿದ್ದ." ಅಜ್ಜಿ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮವ್ವ ನಿಂಗೆ ಹೇಳಿದ್ಲಲ್ಲ, ಚಂದ್ರನ್ನ ಕಂಡಾಗ ಹೆಂಗಿರ್ತೀಯೋ ವರ್ಷೆಲ್ಲಾ ಹಂಗೇ ಅಂತ. ಅದನ್ನ ಅವಳಿಗೆ ಹೇಳಿದ್ದೇ ನಾನು. ನಮ್ಮ ಸೊಕ್ಕೆ ಮಾತು ಅದು."

"ನೀವಾ?" ಎಂದರು ಮೇಷ್ಟ್ರು.

"ಹ್ವಾದ ವರ್ಷ ಇವ್ರೆಲ್ಲ ನನ್ನ ಅಂಗಳದಾಗೆ ಕುರ್ಚಿ ಹಾಕಿ ಕುಂದ್ರಿಸಿದ್ರು. ಕುಂತ್ಕಂಡೇ ನೋಡ್ದೆ ಚಂದ್ರನ್ನ. ಆತಲ್ಲ, ವರ್ಷೆಲ್ಲಾ ಕುಂತೇ ಇದ್ದೆ. ಕುಂತ್ಕಳ್ರಿ ಅತ್ತೆ, ಏಳಬ್ಯಾಡ್ರಿ ಅಜ್ಜಿ, ಅಲ್ಲೇ ಇರ್ರಿ, ತಂದುಕೊಡ್ತೀವಿ. ಚೆನ್ನಾಗೇ ನೋಡ್ಕಂಡ್ರು, ಇಲ್ಲ ಅನ್ನಲ್ಲ. ಆದ್ರೆ ಆ ಕಿಟಕಿ ಸರಳು ನೋಡಿ ನೋಡಿ ಸಾಕಾಗಿ ಹೋತು ಕಣಪ್ಪ. ಕುಂದ್ರೋದು ಎಂಥ ಸುಖನೋ ನಿಂಗೆ? ನನ್ನ ಕೇಳು." ಅಜ್ಜಿಯ ದನಿ ಸ್ವಲ್ಪ ತಗ್ಗಿತು. "ಈ ಸಲ ಓಡಾಡ್ತಾ ನೋಡಬೇಕು ಅಂದ್ಕಂಡಿದ್ದೆ. ನನ್ನ ಕಾಲು ಓಡಲ್ಲ. ನಿನ್ನ ಕುರ್ಚಿ ಊರೆಲ್ಲ ಓಡಾಡ್ತಿತ್ತಲ್ಲ, ಮಧ್ಯಾಹ್ನ ಕಿಟಕ್ಯಾಗೆ ನೋಡ್ದೆ. ಗೋಡೆ ಹಿಡ್ಕಂಡು ಒಂದೊಂದೇ ಮೆಟ್ಲು ಹತ್ತಿ ಬಂದು ಕುಂತ್ಬಿಟ್ಟೆ."

ನೇತ್ರಾವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ಪದ್ಧತಿಯಂತೆ ಬಗ್ಗಿ ಅಜ್ಜಿಯ ಕಾಲು ಮುಟ್ಟಿದರು.

"ನೂರು ವರ್ಷ ಹಿಂಗೇ ಗಟ್ಟಿಮುಟ್ಟಾಗಿರು" ಎಂದು ಅಜ್ಜಿ ಅವರ ತಲೆಯ ಮೇಲೆ ಕೈಯಿಟ್ಟರು. ಕೈ ತೆಗೆಯದೆ ಮುಂದುವರಿಸಿದರು. "ನಾಳೆ ಮೊದ್ಲು ಸೊಕ್ಕೆಗೆ ಹೋಗಾಣ. ನಮ್ಮಣ್ಣನ ಮೊಮ್ಮಕ್ಕಳ ಮುಖ ನೋಡಿಲ್ಲ ನಾನು. ಆಮೇಲೆ ಸೂಳೆಕೆರೆ. ದಾವಣಗೆರ್ಯಾಗೆ ಎಲ್ಲಾರೂ ತಿಂತಾರಲ್ಲ, ಅದೇನದು ನಿಂಗರಾಜ, ಕೆಂಪಗೆ ಇರ್ತತಲ್ಲ?"

"ಗೋಬಿ ಮಂಚೂರಿ ಅಜ್ಜಿ."

"ಹ್ಞೂ, ಅದು. ಹಲ್ಲಿಲ್ದಿದ್ರೂ ಚೀಪಬೋದು."

ಮೇಷ್ಟ್ರು ತಲೆಯ ಮೇಲಿನ ಕೈಯ ಕೆಳಗಿನಿಂದಲೇ ಸಹಾಯಕ್ಕಾಗಿ ಹೆಂಡತಿಯನ್ನು ನೋಡಿದರು. ಶಂಕ್ರಮ್ಮನ ಮುಖ ಹಬ್ಬದ ದೀಪದ ಹಾಗೆ ಬೆಳಗುತ್ತಿತ್ತು.

"ನಾನೂ ಬರ್ತೀನ್ರಿ. ಬರಲೇಬೇಕು. ಚಂದ್ರ ಕಂಡಾಗ ನಾನು ಕೈಯಾಗೆ ಬುತ್ತಿ ಡಬ್ಬಿ, ನೀರಿನ ಬಾಟ್ಲಿ ಹಿಡ್ಕಂಡು ನಿಮ್ಮ ಜೊತೆಗೇ ನಡೀತಿದ್ನಲ್ಲ" ಎಂದರು.

"ಹೋಗಿ ಬರ್ರಿ ಮೇಷ್ಟ್ರೇ" ಎಂದು ನಾಗರಾಜಪ್ಪ ಎದುರು ಮಹಡಿಯಿಂದ ಕೂಗಿದರು. "ಜಗಳೂರಿಗೆ ಯಾವ ಬಸ್ಸು ಹಿಡೀಬೇಕು ನಾನು ಹೇಳ್ತೀನಿ!" ಚಂದ್ರ ಕಂಡಾಗ ಅವರು ಸಲಹೆ ಕೊಡುತ್ತಿದ್ದರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎಲ್ಲರೂ ಎಲ್ಲರ ಕಾಲಿಗೆ ಬಿದ್ದಾಯಿತು. ಹೋಳಿಗೆ ಹಂಚಿಯಾಯಿತು, ಮೇಷ್ಟ್ರ ಪಾಲಿನದನ್ನು ಅಜ್ಜಿ ತುಪ್ಪದ ಸಮೇತ ಮೆಲ್ಲಗೆ ಕರಗಿಸಿದರು. ನಿಂಗರಾಜ್ ಅಜ್ಜಿಯನ್ನು ಕೈಹಿಡಿದು ಎಬ್ಬಿಸಿ ಮಹಡಿಯ ಅಂಚಿಗೆ ಕರೆದೊಯ್ದು ಹೊಳೆ ತೋರಿಸತೊಡಗಿದ.

ಕಡೆಗೂ ಕುರ್ಚಿ ಖಾಲಿಯಾಯಿತು. ಚಂದ್ರನ ಲೆಕ್ಕ ತಪ್ಪಿದರೆ ತಪ್ಪಲಿ, ಒಂದು ನಿಮಿಷ ಕೂತಾದರೂ ಏಳೋಣವೆಂದು ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಕುರ್ಚಿಯ ಕೈಗಳನ್ನು ಹಿಡಿದು, ಮೆಲ್ಲಗೆ ಮಂಡಿ ಮಡಿಚಿದರು.

"ಕಲ್ಲೇಶಾ!"

ಮಂಡಿ ಅರ್ಧಕ್ಕೇ ನಿಂತಿತು.

"ಕುಂದ್ರಬ್ಯಾಡಪ್ಪ, ಇಲ್ಲಿ ತಗಂಬಾ ಅದನ್ನ" ಎಂದರು ತಿಪ್ಪಮ್ಮಜ್ಜಿ, ಮಹಡಿಯ ಅಂಚಿನಿಂದ ಹಾಯಾಗಿ ತಿರುಗುತ್ತ. "ಹತ್ತಾಕೆ ಹೆಂಗೋ ನಾನೇ ಹತ್ತಿದೆ. ಇಳಿಯಾಕೆ ನೀನಿದ್ದೀಯಲ್ಲ."

ಮೇಷ್ಟ್ರು ನೆಟ್ಟಗೆ ನಿಂತು, ಜೇಬಿನಿಂದ ಸೀಟಿ ತೆಗೆದು ನಿಂಗರಾಜನನ್ನು ಕರೆಯಲು ಒಮ್ಮೆ ಊದಿ, ಬಗ್ಗಿ ಕುರ್ಚಿಯನ್ನು ಹೆಗಲಿಗೇರಿಸಿಕೊಂಡರು.